ನಮ್ಮ ಬ್ಯಾಂಕಿನ ಫೋನ್ ಸೇಲ್ಸ್: ಐದಕ್ಕೆ ಒಂದು ಸ್ಟಾರ್

ಸುಂಕದಕಟ್ಟೆಯಲ್ಲಿ ನಮ್ಮದೊಂದು ಬೇಕರಿ ಇದೆ. ಮಾಗಡಿ ರೋಡಿನಿಂದ ಸ್ವಲ್ಪ ಒಳಗೆ. ಹಾಸನ ಕಡೆಯಿಂದ ಬಂದು ಬೆಂಗಳೂರಲ್ಲಿ ಬೇಕರಿ ಇಟ್ಟವರು ಎಷ್ಟೋ ಜನ, ಅವರಲ್ಲಿ ನಾನೂ ಒಬ್ಬ. ಹದಿನೇಳು ವರ್ಷ ಆಯಿತು. ನಮ್ಮ ಕೆಲಸದಲ್ಲಿ ಫೋನ್ ಎತ್ತದೆ ಇರೋಕೆ ಆಗುವುದಿಲ್ಲ. ಕೇಕ್ ಆರ್ಡರ್ ಕೊಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗೊತ್ತಿಲ್ಲದ ನಂಬರ್‌ನವರೇ. ಯಾರದೋ ಮಗುವಿನ ಮೊದಲ ಹುಟ್ಟುಹಬ್ಬ, ಯಾರದೋ ಆಫೀಸಿನಲ್ಲಿ ಬೀಳ್ಕೊಡುಗೆ. "ಗೊತ್ತಿಲ್ಲದ ನಂಬರ್ ಎತ್ತಬೇಡಿ" ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಆ ಸಲಹೆ ಕೇಳಿದರೆ ನನ್ನ ವ್ಯಾಪಾರ ನಿಂತುಹೋಗುತ್ತದೆ.

ನಾನು ರಿವ್ಯೂ ಬರೆಯುತ್ತಿರುವುದು ನನ್ನ ಕರೆಂಟ್ ಅಕೌಂಟ್ ಇರುವ ಖಾಸಗಿ ಬ್ಯಾಂಕಿನ ಫೋನ್ ಸೇಲ್ಸ್ ಬಗ್ಗೆ. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಪಕ್ಕದ ಹಾರ್ಡ್‌ವೇರ್ ಅಂಗಡಿಯವರದು ಬೇರೆ ಬ್ಯಾಂಕು, ಎದುರಿನ ಮೆಡಿಕಲ್‌ನವರದು ಇನ್ನೊಂದು. ಮೂವರಿಗೂ ಬರುವ ಕಾಲ್ ಒಂದೇ ಥರ ಇರುತ್ತದೆ. ಹಾಗಾಗಿ ಓದುವವರು ತಮ್ಮ ಬ್ಯಾಂಕು ಅಂತಲೇ ಓದಿಕೊಳ್ಳಬಹುದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬ್ರಾಂಚಿನಲ್ಲಿ ಕ್ಯಾಶ್ ಕೌಂಟರಿನವರು ತುಂಬಾ ಒಳ್ಳೆಯವರು. ಸೋಮವಾರ ಚಿಲ್ಲರೆ ಕೇಳಿದರೆ ಹತ್ತರ ನೋಟಿನ ಕಟ್ಟು ಎತ್ತಿಟ್ಟಿರುತ್ತಾರೆ. ಗಲ್ಲಾ ಮೇಲಿರುವ ಸೌಂಡ್‌ಬಾಕ್ಸ್ ಒಂದು ದಿನವೂ ಕೈಕೊಟ್ಟಿಲ್ಲ. ಮೈದಾದವರಿಗೆ, ಡಾಲ್ಡಾದವರಿಗೆ ಆ್ಯಪ್‌ನಿಂದ ದುಡ್ಡು ಕಳಿಸಿದರೆ ತಕ್ಷಣ ಹೋಗುತ್ತದೆ. ಇಷ್ಟಕ್ಕೇ ರಿವ್ಯೂ ಬರೆದಿದ್ದರೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ. ಅದೇ ಬ್ಯಾಂಕು ಫೋನ್ ಹಿಡಿದರೆ ಬೇರೆಯೇ ಮುಖ ಕಾಣುತ್ತದೆ. ಅದೇ ನನಗೆ ಬೇಜಾರು.

ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ಒಂದು ತಿಂಗಳು ಲೆಕ್ಕ ಇಟ್ಟೆ. ನಮ್ಮ ಬ್ಯಾಂಕಿನ ಹೆಸರು ಹೇಳಿಕೊಂಡು ಬಂದ ಕಾಲ್‌ಗಳು ಒಟ್ಟು 37. ಪರ್ಸನಲ್ ಲೋನ್‌ಗೆ 14, ಕ್ರೆಡಿಟ್ ಕಾರ್ಡ್‌ಗೆ 9, ಇನ್ಶೂರೆನ್ಸ್‌ಗೆ 6, ಅಂಗಡಿ ಸಾಲಕ್ಕೆ 5, ಕಾರ್ಡಿನ ಬಿಲ್ಲನ್ನು ಇಎಂಐ ಮಾಡಿಕೊಳ್ಳಿ ಅಂತ 3. ಪಫ್ ಓವನ್‌ನಿಂದ ಹೊರಗೆ ಬರುವ ಹನ್ನೊಂದು ಗಂಟೆಗೆ ಒಂದು ಸುತ್ತು. ಶಾಲೆ ಬಿಟ್ಟು ಮಕ್ಕಳು ದಿಲ್‌ಪಸಂದ್, ಹನಿ ಕೇಕ್‌ಗೆ ಮುತ್ತಿಕೊಳ್ಳುವ ನಾಲ್ಕೂವರೆಗೆ ಇನ್ನೊಂದು ಸುತ್ತು. ರಾತ್ರಿ ಏಳೂಮುಕ್ಕಾಲಿಗೂ ಎರಡು ಸಲ ಬಂತು, ಎರಡೂ ಕಾರ್ಡಿನವು. ಕ್ರೆಡಿಟ್ ಕಾರ್ಡ್ ಮಾರುವವರು ಬೆಳಗ್ಗೆ 10ರಿಂದ ಸಂಜೆ 7ರ ಒಳಗೆ ಮಾತ್ರ ಗ್ರಾಹಕರಿಗೆ ಕಾಲ್ ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮದಲ್ಲೇ ಇದೆ.

ಕಾಲ್ ಜಾಸ್ತಿ ಅನ್ನುವುದು ನನ್ನ ಮುಖ್ಯ ದೂರು ಅಲ್ಲ. ವ್ಯಾಪಾರ ಮಾಡುವವನು ನಾನೂ ಹೌದು. ಗಿರಾಕಿಯನ್ನು ಕರೆದು "ಬಿಸಿ ಖಾರ ಬನ್ ಇದೆ, ತಗೊಳ್ಳಿ" ಅಂದರೆ ತಪ್ಪಿಲ್ಲ. ನನ್ನ ದೂರು ಮೊದಲನೇ ವಾಕ್ಯದ ಬಗ್ಗೆ. ಆ 37 ಕಾಲ್‌ಗಳಲ್ಲಿ "ಒಂದು ಲೋನ್ ಆಫರ್ ಬಗ್ಗೆ ಮಾತಾಡೋಕೆ ಮಾಡಿದ್ದೀನಿ" ಅಂತ ನೇರವಾಗಿ ಶುರು ಮಾಡಿದವರು ಇಬ್ಬರೇ. ಉಳಿದವರು ಹೇಗೆ ಶುರು ಮಾಡಿದರು ಅಂತಲೂ ಬರೆದಿಟ್ಟಿದ್ದೇನೆ. "ಸರ್, ನಿಮ್ಮ ಅಕೌಂಟ್ ವಿಷಯಕ್ಕೆ ಮಾಡಿದ್ದು." "ನಿಮ್ಮ ಕೆವೈಸಿ ಡೀಟೇಲ್ಸ್ ಚೆಕ್ ಮಾಡಬೇಕಿತ್ತು." "ನಿಮ್ಮ ಕಾರ್ಡ್ ಅಪ್‌ಗ್ರೇಡ್ ಆಗಿದೆ, ಅಡ್ರೆಸ್ ಕನ್ಫರ್ಮ್ ಮಾಡಿ." "ನಾನು ನಿಮ್ಮ ಹೊಸ ರಿಲೇಶನ್‌ಶಿಪ್ ಮ್ಯಾನೇಜರ್." ಹೀಗೆ ಅಂದರೆ ಯಾರಾದರೂ ಕಟ್ ಮಾಡುತ್ತಾರಾ? ಅಕೌಂಟ್‌ಗೆ ಏನೋ ಆಗಿದೆ ಅಂತ ಎದೆ ಧಸಕ್ ಅನ್ನುತ್ತದೆ. ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಕೇಳುತ್ತೇವೆ. ಎರಡು ನಿಮಿಷ ಆದಮೇಲೆ ಗೊತ್ತಾಗುತ್ತದೆ, ಇದು ಮಾರಾಟ ಅಂತ.

ಹೋದ ಡಿಸೆಂಬರ್ 30ರ ಸಂಜೆ ಹೀಗೇ ಆಯಿತು. ಬೇಕರಿಯವರಿಗೆ ವರ್ಷದಲ್ಲಿ 30, 31ಕ್ಕಿಂತ ದೊಡ್ಡ ದಿನ ಇಲ್ಲ. ಕೆವೈಸಿ ಅಂದರು. ಕೆವೈಸಿ ಇಲ್ಲ ಅಂದರೆ ಅಕೌಂಟ್ ನಿಂತು ಹೋಗುತ್ತದೆ, ಮಾರನೇ ದಿನ ಕ್ಯೂಆರ್‌ನಲ್ಲಿ ದುಡ್ಡು ಬರದಿದ್ದರೆ ಏನು ಗತಿ ಅಂತ ಪೂರ್ತಿ ಕೇಳಿದೆ. ಜನ್ಮದಿನಾಂಕ ಕೇಳಿದರು, ಪಿನ್‌ಕೋಡ್ ಕೇಳಿದರು, ಅಂಗಡಿ ಸ್ವಂತದ್ದಾ ಬಾಡಿಗೆದ್ದಾ ಕೇಳಿದರು. ಆರು ನಿಮಿಷ ಆದಮೇಲೆ "ನಿಮಗೆ ಕಾರ್ಡ್ ಎಲಿಜಿಬಲ್ ಇದೆ ಸರ್" ಅಂದರು. ಅಷ್ಟರಲ್ಲಿ ಒಂದೇ ನಂಬರ್‌ನಿಂದ ಮೂರು ಮಿಸ್ಡ್ ಕಾಲ್. ನಾಲ್ಕು ವರ್ಷದಿಂದ ಹೊಸ ವರ್ಷಕ್ಕೆ ಮೂರು ಕೆಜಿ ಕೇಕ್ ತಗೊಳ್ಳುವ ಅಪಾರ್ಟ್‌ಮೆಂಟಿನವರು. ತಿರುಗಿ ಮಾಡಿದಾಗ ಬೇರೆ ಕಡೆ ಹೇಳಿಯಾಗಿತ್ತು.

ಇನ್ನು ಏನು ಮಾರುತ್ತಾರೆ ಅನ್ನುವುದಕ್ಕೆ ಬರುತ್ತೇನೆ. ಜಾಸ್ತಿ ಬರುವುದು "ಪ್ರೀ-ಅಪ್ರೂವ್ಡ್" ಲೋನ್. "ತಿಂಗಳಿಗೆ 0.99 ಪರ್ಸೆಂಟ್ ಮಾತ್ರ ಸರ್, ಒಂದು ಪರ್ಸೆಂಟೂ ಇಲ್ಲ" ಅನ್ನುತ್ತಾರೆ. ಕೇಳಿದ ತಕ್ಷಣ ವರ್ಷಕ್ಕೆ 12 ಪರ್ಸೆಂಟ್ ಒಳಗೇ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ನನ್ನ ಮಗಳು ಬಿ.ಕಾಂ ಓದುತ್ತಿದ್ದಾಳೆ, ಅವಳು ಕೂರಿಸಿಕೊಂಡು ಲೆಕ್ಕ ತೋರಿಸಿದಳು. ಒಂದು ಲಕ್ಷ, ಎರಡು ವರ್ಷಕ್ಕೆ. 0.99ರ ಪ್ರಕಾರ 24 ತಿಂಗಳಿಗೆ ಬಡ್ಡಿ 23,760. ತಿಂಗಳ ಕಂತು ಹತ್ತಿರ ಹತ್ತಿರ 5,157. ಆದರೆ ತಿಂಗಳು ತಿಂಗಳು ಅಸಲು ಕಟ್ಟುತ್ತಾ ಹೋಗುತ್ತೇವಲ್ಲ, ಕೊನೆ ಕೊನೆಗೆ ನಮ್ಮ ಕೈಯಲ್ಲಿ ಇರುವುದು ಹತ್ತೋ ಇಪ್ಪತ್ತೋ ಸಾವಿರ. ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷಕ್ಕೇ ಹಾಕಿರುತ್ತಾರೆ. ಇದಕ್ಕೆ ಫ್ಲ್ಯಾಟ್ ರೇಟ್ ಅನ್ನುತ್ತಾರೆ. ಉಳಿದ ಅಸಲಿಗೆ ಮಾತ್ರ ಬಡ್ಡಿ, ಅಂದರೆ ರೆಡ್ಯೂಸಿಂಗ್ ರೇಟ್ ಅಂತ ತಿರುಗಿಸಿ ನೋಡಿದರೆ ಅದೇ ಕಂತು ವರ್ಷಕ್ಕೆ 21 ಪರ್ಸೆಂಟ್ ದಾಟುತ್ತದೆ. ಪ್ರೊಸೆಸಿಂಗ್ ಫೀ ಅದರ ಮೇಲೆ.

ಇದನ್ನು ಫೋನಿನಲ್ಲಿ ಕೇಳಿದೆ. "ಫ್ಲ್ಯಾಟ್ ರೇಟಾ, ರೆಡ್ಯೂಸಿಂಗಾ ಹೇಳಿ" ಅಂದೆ. ಐದು ಜನರಲ್ಲಿ ನಾಲ್ಕು ಜನ ಉತ್ತರ ಹೇಳಲಿಲ್ಲ. ಒಬ್ಬ ಫೋನೇ ಇಟ್ಟ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಕಾಗದ ಕೊಡಲೇಬೇಕು. ಎಲ್ಲಾ ಖರ್ಚು ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಅಂತ ಅದರಲ್ಲಿ ಇರಬೇಕು. ಈಗ ನಾನು ಯಾರೇ ಲೋನ್ ಅಂದರೂ "ಮೊದಲು ಆ ಕಾಗದ ಕಳಿಸಿ, ಆಮೇಲೆ ಮಾತಾಡೋಣ" ಅನ್ನುತ್ತೇನೆ. ಇವತ್ತಿನವರೆಗೆ ಒಬ್ಬರೂ ಕಳಿಸಿಲ್ಲ.

ಕಾರ್ಡಿನ ಕಥೆ ಚಿಕ್ಕದು. "ಲೈಫ್‌ಟೈಮ್ ಫ್ರೀ" ಅಂದರು, ತಗೊಂಡೆ. ಎರಡನೇ ವರ್ಷ ಬಿಲ್ಲಿನಲ್ಲಿ ವಾರ್ಷಿಕ ಫೀ 499, ಜೊತೆಗೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ. ಕಸ್ಟಮರ್ ಕೇರ್‌ನವರು "ನಿಮ್ಮದು ಮೊದಲನೇ ವರ್ಷ ಮಾತ್ರ ಫ್ರೀ" ಅಂದರು. ಮಾರಿದವರು ಹೇಳಿದ ಮಾತಿಗೆ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಬಾಕಿ ಕಟ್ಟಿ ಕಾರ್ಡ್ ಕ್ಲೋಸ್ ಮಾಡಿ ಅಂತ ಇಮೇಲ್ ಬರೆದೆ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನದೊಳಗೆ ಕ್ಲೋಸ್ ಮಾಡಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕನಿಗೆ ಕೊಡಬೇಕು ಅಂತ ನಿಯಮ ಇದೆ. ಅದನ್ನು ಇಮೇಲಿನಲ್ಲಿ ಒಂದು ಸಾಲು ಸೇರಿಸಿದ್ದೆ. ನಾಲ್ಕನೇ ದಿನಕ್ಕೆ ಕ್ಲೋಸ್ ಆಯಿತು.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಬರೆಯೋಕೆ ಕೂರಿಸಿದ್ದು ನಮ್ಮ ಭಾವನ ವಿಷಯ.

ಅಕ್ಕನನ್ನು ಕೊಟ್ಟಿರುವುದು ಚನ್ನರಾಯಪಟ್ಟಣಕ್ಕೆ. ಭಾವ ಲೈನ್‌ಮನ್ ಆಗಿದ್ದರು. ಕಂಪನಿ ಹೆಸರು ಈಗ ಸೆಸ್ಕ್, ಆದರೆ ನಮ್ಮ ಕಡೆ ಎಲ್ಲರಿಗೂ ಅದು ಕೆಇಬಿಯೇ. ಮಳೆ, ಗಾಳಿ, ರಾತ್ರಿ ಹನ್ನೆರಡು ಅನ್ನದೆ ಕಂಬ ಹತ್ತಿದ ಮನುಷ್ಯ. ಅರವತ್ತಕ್ಕೆ ರಿಟೈರ್ ಆದರು. ಗ್ರಾಚ್ಯುಟಿ, ರಜೆ ದುಡ್ಡು ಎಲ್ಲ ಅಕೌಂಟ್‌ಗೆ ಬಂತು. ನಾನು ಹೇಳಿ ತೆರೆಸಿದ ಅಕೌಂಟ್ ಅದು, ಇದೇ ಬ್ಯಾಂಕಿನಲ್ಲಿ. ದುಡ್ಡು ಬಂದು ಎರಡನೇ ವಾರಕ್ಕೇ ಕಾಲ್ ಶುರುವಾಯಿತು. ಅಕೌಂಟ್‌ನಲ್ಲಿ ದುಡ್ಡು ಇಳಿದಿರುವುದು ಕಾಲ್ ಮಾಡುವವರಿಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆಯನ್ನು ಬ್ರಾಂಚಿನಲ್ಲಿ ಕೇಳಿದ್ದೇನೆ, ಪತ್ರದಲ್ಲೂ ಕೇಳಿದ್ದೇನೆ. ಉತ್ತರ ಬಂದಿಲ್ಲ.

ಒಂದು ಭಾನುವಾರ ರಾತ್ರಿ ಅಕ್ಕ ಫೋನ್ ಮಾಡಿದಳು. "ನಿಮ್ ಭಾವ ಒಂದ್ ಲಕ್ಷ ಎಲ್ಲೋ ಹಾಕವ್ರೆ ಕಣೋ. ಎಫ್‌ಡಿ ಅಂತಾರೆ. ಎಫ್‌ಡಿ ಕಾಗ್ದ ಮಾತ್ರ ಮನೇಲಿಲ್ಲ" ಅಂದಳು. ಭಾವನಿಗೆ ಫೋನ್ ಕೊಡು ಅಂದೆ. ಅವರು ಸಮಾಧಾನವಾಗಿಯೇ ಹೇಳಿದರು. "ಬ್ಯಾಂಕ್‌ನೋರೇ ಮಾಡಿದ್ದು ಕಣಪ್ಪ. ಎಫ್‌ಡಿ ಡಿಪಾರ್ಟ್‌ಮೆಂಟ್ ಅಂದ್ಲು ಆ ಹುಡುಗಿ. ರಿಟೈರ್ ಆದೋರಿಗೆ ಸ್ಪೆಷಲ್ ಅಂತೆ. ಒಂದು ಹಾಕಿದ್ರೆ ಎರಡು, ಗ್ಯಾರಂಟಿ. ಇನ್ಶೂರೆನ್ಸ್ ಬೇರೆ ಫ್ರೀ. ಕನ್ನಡದಲ್ಲೇ ಎಷ್ಟ್ ಚೆನ್ನಾಗಿ ಮಾತಾಡಿದ್ಲು ಗೊತ್ತಾ."

ಅವರ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಬೆಂಗಳೂರಲ್ಲಿ ನನಗೆ ಬರುವ ಕಾಲ್‌ಗಳಲ್ಲಿ ಎಷ್ಟೋ ಹಿಂದಿಯಲ್ಲೇ ಶುರುವಾಗುತ್ತವೆ. ಕನ್ನಡದಲ್ಲಿ ಮಾತಾಡಿ ಅಂತ ನಾನೇ ಎಷ್ಟೋ ಸಲ ಜಗಳ ಆಡಿದ್ದೇನೆ. ಕನ್ನಡದಲ್ಲಿ ಮಾತಾಡಿದರೆ ಜನಕ್ಕೆ ಅರ್ಥವಾಗುತ್ತದೆ, ಮೋಸ ಹೋಗುವುದಿಲ್ಲ ಅನ್ನುವುದು ನನ್ನ ಲೆಕ್ಕವಾಗಿತ್ತು. ಭಾವ ನಂಬಿದ್ದೇ ಕನ್ನಡದಲ್ಲಿ ಮಾತಾಡಿದ್ದಕ್ಕೆ. ನಮ್ಮ ಭಾಷೆಯಲ್ಲಿ "ಅಪ್ಪಾಜಿ, ನಿಮ್ಮ ಮಗಳು ಅಂದ್ಕೊಳ್ಳಿ" ಅಂತ ಹೇಳಿ ಅವರನ್ನು ಒಪ್ಪಿಸಿದ್ದಾರೆ.

ಮಾರನೇ ದಿನ ಬೇಕರಿಯನ್ನು ತಮ್ಮನಿಗೆ ಬಿಟ್ಟು ಬೆಳಗಿನ ಬಸ್ಸಿಗೆ ಹೋದೆ. "ಭಾವ, ಇನ್ಶೂರೆನ್ಸ್ ಬಾಂಡ್ ಬಂದಿದ್ಯಾ?" ಅಂದೆ. ಬಂದಿಲ್ಲ ಅಂದರು. ಅವರ ಮಗನ ಫೋನಿನಲ್ಲಿ ಅವರ ಇಮೇಲ್ ತೆಗೆಸಿದೆ. ಅಕೌಂಟ್ ತೆರೆಯುವಾಗ ಮಾಡಿಕೊಟ್ಟ ಇಮೇಲ್, ಅವರು ಒಂದು ದಿನವೂ ನೋಡಿದವರಲ್ಲ. ಅದರಲ್ಲಿ ಹನ್ನೊಂದು ದಿನದ ಹಿಂದೆಯೇ ಪಾಲಿಸಿ ಬಂದು ಕೂತಿತ್ತು. ನಲವತ್ತು ಚಿಲ್ಲರೆ ಪುಟ, ಎಲ್ಲ ಇಂಗ್ಲಿಷ್. ಮಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಅವಳು ಕಾಲೇಜಿನಿಂದಲೇ ಓದಿ ಹೇಳಿದಳು. ಅದು ಎಫ್‌ಡಿ ಅಲ್ಲ, ಜೀವ ವಿಮೆ ಪಾಲಿಸಿ. ಒಂದು ಲಕ್ಷ ಒಂದು ಸಲ ಅಲ್ಲ, ವರ್ಷಾ ವರ್ಷಾ ಒಂದು ಲಕ್ಷ, ಹತ್ತು ವರ್ಷ. ದುಡ್ಡು ಕೈಗೆ ಬರುವುದು ಇಪ್ಪತ್ತು ವರ್ಷ ತುಂಬಿದ ಮೇಲೆ, 20 ಲಕ್ಷ.

ಅರವತ್ತು ವರ್ಷದ ಮನುಷ್ಯ ಎಪ್ಪತ್ತರವರೆಗೆ ಪೆನ್ಷನ್‌ನಲ್ಲಿ ಉಳಿಸಿ ಕಟ್ಟಬೇಕು. ಎಂಬತ್ತಕ್ಕೆ ದುಡ್ಡು ನೋಡಬೇಕು. "ಒಂದು ಹಾಕಿದರೆ ಎರಡು" ಅನ್ನುವ ಮಾತು ಲೆಕ್ಕಕ್ಕೆ ಸರಿ, ಹತ್ತು ಲಕ್ಷಕ್ಕೆ ಇಪ್ಪತ್ತು. ಆದರೆ ವರ್ಷದ ಲಾಭ ಲೆಕ್ಕ ಹಾಕಿದರೆ ಸುಮಾರು ನಾಲ್ಕೂವರೆ ಪರ್ಸೆಂಟ್. ಸಾಮಾನ್ಯ ಎಫ್‌ಡಿ ಬಡ್ಡಿಗಿಂತ ಕಮ್ಮಿ. ಮಧ್ಯದಲ್ಲಿ ಬಿಟ್ಟರೆ ಕಟ್ಟಿದ್ದರಲ್ಲೂ ದೊಡ್ಡ ಪಾಲು ಹೋಗುತ್ತದೆ. ಬ್ಯಾಂಕಿನ ಎಫ್‌ಡಿಗೆ 5 ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆ ಇದೆ. ಬ್ಯಾಂಕ್ ಮಾರಿದ ಮಾತ್ರಕ್ಕೆ ಇನ್ಶೂರೆನ್ಸ್ ಪಾಲಿಸಿ ಬ್ಯಾಂಕಿನ ಠೇವಣಿ ಆಗುವುದಿಲ್ಲ.

ಪಾಲಿಸಿ ಜೊತೆಗಿದ್ದ ಅರ್ಜಿ ನೋಡಿ ಇನ್ನೂ ಸಂಕಟ ಆಯಿತು. ಉದ್ಯೋಗ: ವ್ಯಾಪಾರ. ವಾರ್ಷಿಕ ಆದಾಯ: 8 ಲಕ್ಷ. ಭಾವ ಜೀವಮಾನದಲ್ಲಿ ವ್ಯಾಪಾರ ಮಾಡಿದವರಲ್ಲ. "ಇದನ್ನ ನೀವು ಹೇಳಿದ್ರಾ ಭಾವ?" ಅಂದೆ. "ಇಲ್ಲಪ್ಪ. ಫೋನಿಗೆ ಒಂದು ಲಿಂಕ್ ಕಳಿಸಿದ್ಲು, ಒತ್ತಿ ಅಂದ್ಲು. ನಂಬರ್ ಬಂತು, ಹೇಳಿ ಅಂದ್ಲು, ಹೇಳ್ದೆ. ಆಮೇಲೆ ಇನ್ನೊಬ್ರು ಮಾಡ್ತಾರೆ, ಏನ್ ಕೇಳಿದ್ರೂ ಹೌದು ಅನ್ನಿ, ಇಲ್ದಿದ್ರೆ ಸ್ಕೀಮ್ ಕ್ಯಾನ್ಸಲ್ ಆಗತ್ತೆ ಅಂದ್ಲು. ಹೌದು ಹೌದು ಅಂದೆ." ಎರಡನೇ ಆ ಕಾಲ್ ಗ್ರಾಹಕನಿಗೆ ನಿಜವಾಗಿ ಅರ್ಥವಾಗಿದೆಯಾ ಅಂತ ಪರೀಕ್ಷೆ ಮಾಡಲು ಇರುವ ಕಾಲ್. ರೆಕಾರ್ಡ್ ಆಗುತ್ತದೆ. ಗ್ರಾಹಕನನ್ನು ಕಾಪಾಡಲು ಇಟ್ಟ ಆ ರೆಕಾರ್ಡನ್ನೇ ಆಮೇಲೆ ಅವನ ವಿರುದ್ಧ ಇಟ್ಟುಕೊಳ್ಳುತ್ತಾರೆ.

ಪುಣ್ಯಕ್ಕೆ ದಿನ ಮೀರಿರಲಿಲ್ಲ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂದರೆ ವಾಪಸ್ ಕೊಡಬಹುದು. ಇದಕ್ಕೆ ಫ್ರೀ ಲುಕ್ ಅನ್ನುತ್ತಾರೆ. ಬ್ರಾಂಚಿಗೆ ಹೋದೆವು. ಮ್ಯಾನೇಜರ್ "ಇದು ಇನ್ಶೂರೆನ್ಸ್ ಕಂಪನಿಯದು, ನಮಗೆ ಸಂಬಂಧ ಇಲ್ಲ" ಅಂದರು. ಮಾರುವಾಗ ಬ್ಯಾಂಕಿನ ಹೆಸರು ಬೇಕು, ವಾಪಸ್ ಕೊಡುವಾಗ ಸಂಬಂಧ ಇಲ್ಲವಾ ಅಂತ ಕೇಳಿದೆ. ಜೋರು ಮಾಡಲಿಲ್ಲ, ಅಲ್ಲೇ ಕೂತೆವು. ಕೊನೆಗೆ ಪತ್ರ ತಗೊಂಡು, ಪ್ರತಿ ಮೇಲೆ ಸೀಲ್ ಹಾಕಿ ತಾರೀಕು ಬರೆದುಕೊಟ್ಟರು. ಅದೇ ಪತ್ರವನ್ನು ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಮಾಡಿದೆ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನವರ ಬಿಮಾ ಭರೋಸಾ ವೆಬ್‌ಸೈಟಿನಲ್ಲೂ ದೂರು ಹಾಕಿದೆ. ಅವರದೇ 155255 ನಂಬರ್‌ಗೂ ಫೋನ್ ಮಾಡಬಹುದು.

ಆಮೇಲೆ ಭಾವನಿಗೆ ಒಂದು ವಾರ ಬೇರೆ ಥರದ ಕಾಲ್. "ಕ್ಯಾನ್ಸಲ್ ಮಾಡಿದರೆ ಬೋನಸ್ ಹೋಗುತ್ತದೆ", "ಇನ್ನೊಂದು ಸಲ ಯೋಚನೆ ಮಾಡಿ", "ಬೇರೆ ಪಾಲಿಸಿಗೆ ಬದಲಾಯಿಸಿಕೊಡುತ್ತೇವೆ". ಎಲ್ಲದಕ್ಕೂ ಅಕ್ಕನೇ ಫೋನ್ ಎತ್ತಿ "ಬೇಡ ಅಂದ್ವಲ್ಲ, ದುಡ್ಡು ಕಳಿಸಿ" ಅಂದಳು. ಎರಡು ವಾರದೊಳಗೆ ದುಡ್ಡು ವಾಪಸ್ ಬಂತು. ಸ್ಟಾಂಪ್ ಡ್ಯೂಟಿ, ಅಷ್ಟು ದಿನದ ಕವರ್ ಅಂತ ಸ್ವಲ್ಪ ಮುರಿದುಕೊಂಡಿದ್ದರು. ಭಾವ ಅವತ್ತು ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು. "ಇಷ್ಟ್ ವರ್ಷ ಕರೆಂಟ್ ಜೊತೆ ಹುಷಾರಾಗಿದ್ದೆ ಕಣಪ್ಪ." ಆಮೇಲೆ ಮಾತಾಡಲಿಲ್ಲ. ಮೋಸ ಮಾಡಿದವರು ಯಾರೋ, ನಾಚಿಕೆ ಪಟ್ಟುಕೊಂಡವರು ಅವರು. ಈಗಲೂ ಅಕ್ಕನನ್ನು ಕೇಳದೆ ಫೋನ್ ರೀಚಾರ್ಜ್ ಕೂಡ ಮಾಡಿಸುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. "ಒಟಿಪಿ ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಕೇಳುವುದಿಲ್ಲ" ಅಂತ ಇದೇ ಬ್ಯಾಂಕು ವಾರಕ್ಕೊಂದು ಮೆಸೇಜ್ ಕಳಿಸುತ್ತದೆ. ಇದೇ ಬ್ಯಾಂಕಿನ ಪರವಾಗಿ ಮಾರುವವರು ಫೋನಿನಲ್ಲಿ ಒಟಿಪಿ ಕೇಳುತ್ತಾರೆ, ಲಿಂಕ್ ಒತ್ತಿಸುತ್ತಾರೆ, ಹೌದು ಅನ್ನಿ ಅಂತ ಹೇಳಿಕೊಡುತ್ತಾರೆ. ಹಾಗಾದರೆ ಕಳ್ಳರ ಕಾಲ್‌ಗೂ ಬ್ಯಾಂಕಿನ ಕಾಲ್‌ಗೂ ಜನ ಹೇಗೆ ವ್ಯತ್ಯಾಸ ಕಂಡುಹಿಡಿಯಬೇಕು? ಅದೇ "ಕೆವೈಸಿ", ಅದೇ "ಅಕೌಂಟ್ ವಿಷಯ", ಅದೇ ಅವಸರ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಕೆವೈಸಿ ಅಂತ ಬಂದ ಕಳ್ಳ ಕಾಲ್‌ಗೆ ಹದಿನೆಂಟು ಸಾವಿರ ಕಳೆದುಕೊಂಡರು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. "ಬ್ಯಾಂಕಿನವರು ಹೀಗೇ ತಾನೇ ಮಾತಾಡೋದು" ಅಂದರು. ಹೌದು, ಹೀಗೇ ಮಾತಾಡುತ್ತಾರೆ. ಮಾರಾಟಕ್ಕೋಸ್ಕರ ಜನರಿಗೆ ಈ ಅಭ್ಯಾಸ ಮಾಡಿಸಿದವರು ಬ್ಯಾಂಕಿನವರೇ. ನನಗೆ ಸಿಟ್ಟು ಬರುವುದು ಇದಕ್ಕೆ.

ಇದನ್ನು ಸರಿ ಮಾಡಲು ದಾರಿ ಇಲ್ಲ ಅಂತಲ್ಲ. ಮಾರಾಟದ ಕಾಲ್‌ಗೆ 140ರಿಂದ ಶುರುವಾಗುವ ನಂಬರ್, ಅಕೌಂಟ್ ಕೆಲಸದ ಕಾಲ್‌ಗೆ 1600ರಿಂದ ಶುರುವಾಗುವ ನಂಬರ್ ಅಂತ ಬೇರೆ ಬೇರೆ ಇಟ್ಟಿದ್ದಾರೆ. ಬ್ಯಾಂಕುಗಳು ಹೀಗೇ ಬಳಸಬೇಕು ಅಂತ ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಹೇಳಿದೆ. ಎಷ್ಟು ಸರಳ ನೋಡಿ. 1600 ಅಂದರೆ ನಮ್ಮ ಅಕೌಂಟಿನ ಕೆಲಸ, ಎತ್ತಬೇಕು. 140 ಅಂದರೆ ಮಾರಾಟ, ಬಿಡುವಿದ್ದರೆ ಎತ್ತಬಹುದು. ಅಕ್ಕನಂಥವರಿಗೂ ಒಂದೇ ನಿಮಿಷದಲ್ಲಿ ಅರ್ಥವಾಗುವ ಮಾತು. ಆದರೆ ನನ್ನ ಪುಸ್ತಕದ 37ರಲ್ಲಿ 140ರಿಂದ ಬಂದದ್ದು ನಾಲ್ಕು. ಉಳಿದ 33 ಮಾಮೂಲಿ ಹತ್ತಂಕಿ ಮೊಬೈಲ್ ನಂಬರ್. ಭಾವನಿಗೆ ಬಂದದ್ದೂ ಅಂಥದ್ದೇ.

ಕಾಲ್ ಮಾಡುವ ಹುಡುಗ ಹುಡುಗಿಯರ ಮೇಲೆ ನನಗೆ ಕೋಪ ಇಲ್ಲ. ಸಂಜೆ ಟೀ ಮತ್ತು ಎಗ್ ಪಫ್‌ಗೆ ಬರುವ ಒಬ್ಬ ಹುಡುಗ ಇಂಥ ಕೆಲಸದಲ್ಲೇ ಇದ್ದ, ಅರಸೀಕೆರೆ ಕಡೆಯವನು. ಬ್ಯಾಂಕಿನ ನೌಕರ ಅಲ್ಲ, ಬ್ಯಾಂಕಿಗೆ ಕೆಲಸ ಮಾಡಿಕೊಡುವ ಏಜೆನ್ಸಿಯವನು. ದಿನಕ್ಕೆ ಇಷ್ಟು ಕಾಲ್, ತಿಂಗಳಿಗೆ ಇಷ್ಟು ಸೇಲ್ ಅಂತ ಟಾರ್ಗೆಟ್. ಆಗದಿದ್ದರೆ ಇನ್ಸೆಂಟಿವ್ ಇಲ್ಲ, ಎರಡು ತಿಂಗಳು ಆಗದಿದ್ದರೆ ಕೆಲಸವೇ ಇಲ್ಲ. "ಸೇಲ್ಸ್ ಅಂದ್ರೆ ಹತ್ತು ಸೆಕೆಂಡ್‌ಗೆ ಕಟ್ ಮಾಡ್ತಾರೆ ಅಣ್ಣ. ಸರ್ವಿಸ್ ಅಂತ ಶುರು ಮಾಡಿ ಅಂತ ಟೀಮ್ ಲೀಡರ್ರೇ ಹೇಳೋದು" ಅಂದ. ಸ್ವಂತ ಫೋನಿನಿಂದಲೂ ಮಾಡಿಸುತ್ತಿದ್ದರಂತೆ. ಆರು ತಿಂಗಳಿಗೆ ಬಿಟ್ಟು ಈಗ ಡೆಲಿವರಿಗೆ ಹೋಗುತ್ತಾನೆ. ಹಾಗಾಗಿ ಈ ಒಂದು ಸ್ಟಾರ್ ಫೋನಿನಲ್ಲಿ ಮಾತಾಡುವವರಿಗೆ ಕೊಟ್ಟದ್ದಲ್ಲ, ಹಾಗೆ ಮಾತಾಡಿಸುವ ಬ್ಯಾಂಕಿಗೆ ಕೊಟ್ಟದ್ದು. ಏಜೆನ್ಸಿ ಹೇಳಿದ ಸುಳ್ಳಿಗೂ ಬ್ಯಾಂಕೇ ಜವಾಬ್ದಾರಿ ಅಂತ ನಾನು ನಂಬುತ್ತೇನೆ. ನಮ್ಮ ಹುಡುಗ ಹಳಸಿದ ಬನ್ ಕೊಟ್ಟರೆ ಗಿರಾಕಿ ನನ್ನನ್ನು ತಾನೇ ಕೇಳುವುದು?

ನಾನು ಮಾಡಿದ್ದರಲ್ಲಿ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ. 1909ಕ್ಕೆ ಮೆಸೇಜ್ ಮಾಡಿ ಡಿಎನ್‌ಡಿ, ಅಂದರೆ ಮಾರಾಟದ ಕಾಲ್ ಬೇಡ ಅಂತ ಹಾಕಿಸಿದೆ. ಅದರಿಂದ ಬೇರೆ ಬ್ಯಾಂಕುಗಳ, ಸೈಟು ಮಾರುವವರ ಕಾಲ್ ಕಮ್ಮಿ ಆಯಿತು. ನಮ್ಮ ಬ್ಯಾಂಕಿನದು ನಿಲ್ಲಲಿಲ್ಲ. "ನೀವು ನಮ್ಮ ಗ್ರಾಹಕರು, ಅಕೌಂಟ್ ಫಾರಂನಲ್ಲಿ ಒಪ್ಪಿಗೆ ಕೊಟ್ಟಿದ್ದೀರಿ" ಅಂದರು. ನೋಡಿದರೆ ಹೌದು, ಸಣ್ಣಕ್ಷರದ ಒಂದು ಸಾಲಿಗೆ ಟಿಕ್ ಇತ್ತು. ಆ ಒಪ್ಪಿಗೆ ವಾಪಸ್ ತಗೊಂಡಿದ್ದೇನೆ ಅಂತ ಬ್ರಾಂಚಿಗೆ ಬರೆದುಕೊಟ್ಟೆ. ಬ್ಯಾಂಕಿನ ವೆಬ್‌ಸೈಟಿನಲ್ಲಿ, ತೀರಾ ಕೆಳಗಡೆ, "ಡು ನಾಟ್ ಕಾಲ್" ಅಂತ ಒಂದು ಜಾಗ ಇದೆ. ಅಲ್ಲೂ ನಂಬರ್ ಹಾಕಿದೆ. ಹುಡುಕಲು ಅರ್ಧ ಗಂಟೆ ಬೇಕಾಯಿತು.

ಹತ್ತಂಕಿ ನಂಬರ್‌ನಿಂದ ಬಂದ ಪ್ರತಿ ಸೇಲ್ಸ್ ಕಾಲನ್ನೂ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನವರ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಹಾಕುತ್ತೇನೆ. ಮೊದಲು ಮೂರು ದಿನದೊಳಗೆ ಹಾಕಬೇಕಿತ್ತು. 2025ರ ಫೆಬ್ರವರಿಯಲ್ಲಿ ನಿಯಮ ಬದಲಾಗಿ ಏಳು ದಿನ ಆಗಿದೆ. ಇಂಥ ಮಾಮೂಲಿ ನಂಬರ್‌ಗಳ ಮೇಲೆ ದೂರು ಹಾಕಲು ಡಿಎನ್‌ಡಿ ಇರಲೇಬೇಕು ಅಂತಿಲ್ಲ. ನಾನು ಭಾನುವಾರ ಮಧ್ಯಾಹ್ನ, ಅಂಗಡಿ ಖಾಲಿ ಇರುವಾಗ, ವಾರದ್ದೆಲ್ಲಾ ಒಟ್ಟಿಗೆ ಕೂತು ಹಾಕುತ್ತೇನೆ. ಒಂದಕ್ಕೆ ಒಂದು ನಿಮಿಷವೂ ಆಗುವುದಿಲ್ಲ. ನಾಲ್ಕು ನಂಬರ್ ಬಂದ್ ಆಗಿದೆ ಅಂತ ಮೆಸೇಜ್ ಬಂತು. ಮೂವತ್ತೇಳು ಇದ್ದ ಕಾಲ್ ಹೋದ ತಿಂಗಳು ಒಂಬತ್ತು.

ಆ ಒಂಬತ್ತರಲ್ಲಿ ಒಂದು 140ರಿಂದ ಬಂತು. "ನಮಸ್ಕಾರ ಸರ್, ಇದು ಮಾರ್ಕೆಟಿಂಗ್ ಕಾಲ್, ಅಂಗಡಿಗೆ ಸಾಲದ ಬಗ್ಗೆ, ಎರಡು ನಿಮಿಷ ಇದೆಯಾ?" ಅಂತ ಕೇಳಿದರು. ಈಗ ಗಿರಾಕಿ ಇದ್ದಾರೆ ಅಂದೆ. "ಸರಿ ಸರ್, ಥ್ಯಾಂಕ್ಸ್" ಅಂದು ಇಟ್ಟರು. ಹದಿನಾಲ್ಕು ಸೆಕೆಂಡ್. ನನಗೆ ಬೇಕಾಗಿದ್ದು ಇಷ್ಟೇ. ಶ್ರಾವಣಕ್ಕೆ ಮುಂಚೆ ಹೊಸ ಓವನ್ ಹಾಕಬೇಕು ಅಂತಿದ್ದೇನೆ, ಸಾಲ ನಿಜವಾಗಿಯೂ ಬೇಕು. ಆ ಹುಡುಗಿ ಇನ್ನೊಂದು ಸಲ ಮಾಡಿದರೆ ಕೂತು ಕೇಳುತ್ತೇನೆ.

ಭಾವನಿಗೆ ಆದದ್ದರ ಬಗ್ಗೆ ಬ್ಯಾಂಕಿಗೆ ಬೇರೆಯಾಗಿ ದೂರು ಕೊಟ್ಟಿದ್ದೇವೆ. ದುಡ್ಡು ಬಂದಿದೆ ಅಂತ ಬಿಟ್ಟಿಲ್ಲ. ಕೇಳಿರುವುದು ಮೂರು. ಆ ಎರಡೂ ಕಾಲ್‌ಗಳ ರೆಕಾರ್ಡ್ ಕೇಳಿಸಿ. ಅಕೌಂಟ್‌ನಲ್ಲಿ ದುಡ್ಡು ಬಂದ ವಿಷಯ ಮಾರುವವರಿಗೆ ಯಾರು ಕೊಟ್ಟರು ಹೇಳಿ. ಅರ್ಜಿಯಲ್ಲಿ ಸುಳ್ಳು ಆದಾಯ ಬರೆದವರು ಯಾರು ಹೇಳಿ. ಬ್ಯಾಂಕಿಗೆ ಉತ್ತರ ಕೊಡಲು 30 ದಿನ ಸಮಯ ಇದೆ. ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ದುಡ್ಡು ಕಟ್ಟುವಂತಿಲ್ಲ, ವಕೀಲರು ಬೇಕಿಲ್ಲ, 14448ಕ್ಕೆ ಫೋನ್ ಮಾಡಿ ಹೇಗೆ ಅಂತ ಕೇಳಬಹುದು. ಇವತ್ತಿಗೆ 22 ದಿನ ಆಗಿದೆ. ಸೀಲ್ ಹಾಕಿದ ಪ್ರತಿ ಅಕ್ಕನ ಮನೆಯ ಬೀರುವಿನಲ್ಲಿದೆ, ಒಂದು ಫೋಟೋ ನನ್ನ ಫೋನಿನಲ್ಲಿದೆ. ಮೂವತ್ತೊಂದನೇ ದಿನ ಭಾನುವಾರ ಬೀಳುತ್ತದೆ. ಅವತ್ತು ಮಧ್ಯಾಹ್ನ ಮಗಳೂ ನಾನೂ ಕೂತು ದೂರು ಹಾಕುತ್ತೇವೆ. ಅಷ್ಟರೊಳಗೆ ಸರಿಯಾದ ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ, ಸ್ಟಾರೂ ಬದಲಾಯಿಸುತ್ತೇನೆ.